ಇಪ್ಪತ್ತು ಕೋಣೆ, ಒಂದು ಹೆಸರು

2023ರ ಮೇ ತಿಂಗಳಲ್ಲಿ ಮೈಸೂರಿನಲ್ಲಿ ನಡೆದ ನನ್ನ ಅಣ್ಣನ ಮಗಳ ಮದುವೆಯಲ್ಲಿ ನನ್ನ ಪಾಲಿಗೆ ಬಂದಿದ್ದುದು ಬೀಗರ ಬಿಡಾರದ ಜವಾಬ್ದಾರಿ. ಛತ್ರ, ಅಡುಗೆ, ಓಲಗ, ಹೂವು ಎಲ್ಲವನ್ನೂ ಅಣ್ಣ ತಾನೇ ನೋಡಿಕೊಂಡಿದ್ದ. ಧಾರವಾಡದಿಂದ ಬರಲಿದ್ದ ನಲವತ್ತಾರು ಮಂದಿ ಎರಡು ರಾತ್ರಿ ತಂಗುವುದಕ್ಕೆ ತಕ್ಕ ಸ್ಥಳ ನೋಡುವುದನ್ನು ಮಾತ್ರ ನನಗೆ ಬಿಟ್ಟಿದ್ದ. ಹಾಸನದ ಪದವಿಪೂರ್ವ ಕಾಲೇಜೊಂದರಲ್ಲಿ ವ್ಯವಹಾರ ಅಧ್ಯಯನ ಪಾಠ ಮಾಡುವವನು ನಾನು. ಎರಡನೆಯ ವರ್ಷದ ಪಠ್ಯದಲ್ಲಿ ಗ್ರಾಹಕ ಸಂರಕ್ಷಣೆಯ ಅಧ್ಯಾಯವೇ ಇದೆ, 'ಗ್ರಾಹಕ ಎಂದರೆ ಯಾರು?' ಎಂಬುದನ್ನು ಪ್ರತಿ ವರ್ಷ ಕರಿಹಲಗೆಯ ಮೇಲೆ ಬರೆಸುತ್ತೇನೆ. ಆ ಸಣ್ಣ ಪ್ರಶ್ನೆಯೇ ಮುಂದೆ ಹದಿನೇಳು ತಿಂಗಳು ನನ್ನನ್ನು ಓಡಾಡಿಸುತ್ತದೆ ಎಂಬ ಕಲ್ಪನೆ ಆಗ ಇರಲಿಲ್ಲ.

ಗುಂಪಿಗೆಂದು ಕೋಣೆ ಕಾಯ್ದಿರಿಸುವುದು ಒಬ್ಬಿಬ್ಬರಿಗೆ ರೂಮು ಹಿಡಿದಂತಲ್ಲ. ಹೋಟೆಲಿನವರು ಇಂತಿಷ್ಟು ಕೋಣೆಗಳನ್ನು ಒಬ್ಬರ ಹೆಸರಿನಲ್ಲಿ 'ಬ್ಲಾಕ್' ಮಾಡಿಡುತ್ತಾರೆ. ಯಾವ ಕೋಣೆಯಲ್ಲಿ ಯಾರು ಎಂಬ ಪಟ್ಟಿಯನ್ನು ನಿಗದಿತ ದಿನದೊಳಗೆ ಕೊಡಬೇಕು, ಆ ದಿನದೊಳಗೆ ಬಾಕಿ ಹಣವೂ ಸಂದಾಯವಾಗಬೇಕು, ತಪ್ಪಿದರೆ ಕೋಣೆಗಳನ್ನು ಬೇರೆಯವರಿಗೆ ಮಾರುವ ಸ್ವಾತಂತ್ರ್ಯ ಅವರಿಗಿರುತ್ತದೆ. ನಾನು ಗೊತ್ತುಮಾಡಿದ ಹೋಟೆಲು (ಹೆಸರು ಬೇಡ) ಇಪ್ಪತ್ತು ಕೋಣೆಗೆ ದಿನಕ್ಕೆ ತಲಾ 3,000 ರೂಪಾಯಿ ಹೇಳಿತ್ತು. ಎರಡು ರಾತ್ರಿಗೆ 1,20,000, ಆಗಿದ್ದ ಶೇಕಡಾ 12ರ ಜಿಎಸ್‌ಟಿ ಸೇರಿ 1,34,400. ಅರ್ಧ ಹಣವನ್ನು ಮಾರ್ಚ್‌ನಲ್ಲಿ ನನ್ನ ಖಾತೆಯಿಂದ ಹೋಟೆಲಿನ ಖಾತೆಗೆ ನೇರವಾಗಿ ಹಾಕಿದೆ, ಅವರಿಂದ ಖಚಿತಪಡಿಸುವ ಇ-ಮೇಲ್ ಬಂತು. ಅದರ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಹನ್ನೊಂದು ಷರತ್ತುಗಳಿದ್ದವು. ವಿದ್ಯಾರ್ಥಿಗಳಿಗೆ ಸಹಿ ಮಾಡುವ ಮೊದಲು ಓದಿ ಎಂದು ಹೇಳುವ ನಾನು ಅವುಗಳಲ್ಲಿ ನಾಲ್ಕನ್ನು ಓದಿದೆ.

ಕೋಣೆಗಳ ಪಟ್ಟಿ ಕೊಡಬೇಕಾದ ದಿನ ನಾನು ತಪ್ಪಿದೆ. ಬೀಗರ ಕಡೆಯಿಂದ ಯಾರು ಬಸ್ಸಿನಲ್ಲಿ, ಯಾರು ಕಾರಿನಲ್ಲಿ, ಯಾವ ಅಜ್ಜಿಗೆ ಕೆಳಮಹಡಿ ಎಂಬುದೆಲ್ಲ ಇತ್ಯರ್ಥವಾಗುವುದಕ್ಕೆ ನಾಲ್ಕು ದಿನ ಹೆಚ್ಚಾಯಿತು. ಪಟ್ಟಿಯನ್ನು ಹೋಟೆಲಿನ ಮಾರಾಟ ವಿಭಾಗದ ಹುಡುಗನಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ 'ತಡವಾಯಿತು, ತೊಂದರೆಯಿಲ್ಲ ತಾನೆ?' ಎಂದು ಕೇಳಿದೆ. ಉತ್ತರವಾಗಿ ಒಂದು ಹೆಬ್ಬೆರಳು ಬಂತು, ಅಷ್ಟೆ. ಮರುದಿನ ಉಳಿದ 67,200 ರೂಪಾಯಿಯನ್ನು ಹಾಕಿದೆ. ಹೋಟೆಲಿನ ಖಾತೆ ಅದನ್ನು ಸ್ವೀಕರಿಸಿತು, ರಸೀತಿಯೂ ಬಂತು.

ಮದುವೆಯ ಹಿಂದಿನ ದಿನ ಸಂಜೆ ನಾಲ್ಕೂವರೆಗೆ ಧಾರವಾಡದ ಬಸ್ಸು ಹೋಟೆಲಿನ ಮುಂದೆ ನಿಂತಿತು. ಏಳು ಗಂಟೆಗೆ ವರಪೂಜೆ. ನಾನು ಒಳಗೆ ಹೋಗಿ ಹೆಸರು ಹೇಳಿದಾಗ, ಮೇಜಿನ ಹಿಂದಿದ್ದ ಹುಡುಗಿ ಕಂಪ್ಯೂಟರಿನತ್ತ ನೋಡಿದಳು, ಪಕ್ಕದವನತ್ತ ನೋಡಿದಳು, ಆಮೇಲೆ ಮ್ಯಾನೇಜರರನ್ನು ಕರೆಯಲು ಎದ್ದುಹೋದಳು. ಅವರು ಬಂದು ಬಹಳ ವಿನಯದಿಂದಲೇ, ಹಿಂದಿನ ದಿನ ಬಂದ ಒಂದು ಕಂಪನಿಯ ಗುಂಪು ಖಾಲಿ ಮಾಡಿಲ್ಲ, ಸದ್ಯಕ್ಕೆ ಒಂಬತ್ತು ಕೋಣೆ ಮಾತ್ರ ಕೊಡಬಲ್ಲೆವು, "ಸರ್, ದಯವಿಟ್ಟು ಅಡ್ಜಸ್ಟ್ ಮಾಡ್ಕೊಳ್ಳಿ" ಎಂದರು. ಬೀಗರ ಕಡೆಯ ಹಿರಿಯರು, ವರನ ಸೋದರಮಾವ, ನನ್ನ ಹಿಂದೆಯೇ ನಿಂತಿದ್ದರು. "ಇರ್ಲಿ ಬಿಡ್ರಿ ಬೀಗರ, ಹೆಣ್ಮಕ್ಕಳಿಗೆ ಕೋಲಿ ಕೊಡ್ರಿ, ಗಂಡಸರು ನಾವು ಎಲ್ಲ್ಯಾರ ಮಲ್ಕೋತೀವಿ" ಎಂದರು. ಅವರು ಸಿಟ್ಟು ಮಾಡಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಆ ಹೊತ್ತಿನಲ್ಲಿ ನಾನು ಮಾಡಿದ ಒಂದೇ ಬುದ್ಧಿವಂತಿಕೆಯ ಕೆಲಸವೆಂದರೆ ಹಾಸನದ ವಕೀಲ ಗೆಳೆಯರೊಬ್ಬರಿಗೆ ಫೋನು ಮಾಡಿದ್ದು. ಜಗಳದಲ್ಲಿ ಸಮಯ ಕಳೆಯಬೇಡ, ಕೊಡುವ ಒಂಬತ್ತು ಕೋಣೆಯನ್ನು ತೆಗೆದುಕೋ, ಆದರೆ ಅದನ್ನು ಆಕ್ಷೇಪಣೆಯೊಂದಿಗೆ ತೆಗೆದುಕೊಳ್ಳುತ್ತಿದ್ದೇನೆ ಎಂದು ಈಗಲೇ ಬರವಣಿಗೆಯಲ್ಲಿ ತಿಳಿಸು, ಉಳಿದವರಿಗೆ ಇದೇ ದರ್ಜೆಯ ಬೇರೆ ಕೋಣೆ ಹಿಡಿದು ಪ್ರತಿ ಬಿಲ್ಲನ್ನೂ ಇಟ್ಟುಕೋ ಎಂದರು. ಅಣ್ಣ ಸಿಟ್ಟಿನಲ್ಲಿ ಪಂಚತಾರಾ ಹೋಟೆಲಿನಲ್ಲಿ ಹನ್ನೊಂದು ಕೋಣೆ ಹಿಡಿಸಿ ಬಿಲ್ಲನ್ನು ಇವರ ಮುಖಕ್ಕೆ ಎಸೆಯುವ ಮಾತಾಡಿದ. ಗೆಳೆಯರು ಒಪ್ಪಲಿಲ್ಲ. 1872ರ ಭಾರತೀಯ ಕರಾರು ಕಾಯಿದೆಯ 73ನೆಯ ಕಲಮು ಕರಾರು ಮುರಿದವನಿಂದ ನಷ್ಟ ಕೊಡಿಸುತ್ತದೆ, ನಿಜ. ಆದರೆ ನಷ್ಟವಾದವನಿಗೆ ಅದನ್ನು ಕಡಿಮೆ ಮಾಡಿಕೊಳ್ಳಲು ಯಾವ ದಾರಿಯಿತ್ತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಅದೇ ಕಲಮಿನ ವಿವರಣೆ ಹೇಳುತ್ತದೆ. ಸಿಟ್ಟಿಗೆ ಖರ್ಚು ಮಾಡಿದ ಹಣವನ್ನು ಯಾವ ನ್ಯಾಯಾಲಯವೂ ಕೊಡಿಸುವುದಿಲ್ಲ.

ಖಚಿತಪಡಿಸಿದ ಇ-ಮೇಲಿನ ಪ್ರತಿಯ ಹಿಂಬದಿಯಲ್ಲಿ ನಡೆದದ್ದನ್ನು ನಾಲ್ಕು ಸಾಲಿನಲ್ಲಿ ಬರೆದು ಸಹಿ ಕೇಳಿದೆ. ಮ್ಯಾನೇಜರರು ಪೆನ್ನು ಕೈಗೆ ತೆಗೆದುಕೊಂಡು, ಓದಿ, ಪೆನ್ನನ್ನು ಹಿಂದಿರುಗಿಸಿದರು. ಆದ್ದರಿಂದ ಆ ನಾಲ್ಕು ಸಾಲನ್ನೇ ಅಲ್ಲಿನ ಸೋಫಾದ ಮೇಲೆ ಕುಳಿತು 5 ಗಂಟೆ 40 ನಿಮಿಷಕ್ಕೆ ಹೋಟೆಲಿಗೆ ಇ-ಮೇಲ್ ಮಾಡಿದೆ. ಅದಕ್ಕಿಂತ ಮುಖ್ಯವಾದದ್ದನ್ನು ಮಾಡಿದ್ದು ಅಣ್ಣನ ಕಿರಿಯ ಮಗ. ಅವನು ಮೂಲೆಯಲ್ಲಿ ನಿಂತು ತನ್ನ ಮೊಬೈಲಿನಲ್ಲಿ, ಒಂದು ಬುಕಿಂಗ್ ಆ್ಯಪ್‌ನಲ್ಲಿ, ಅದೇ ಹೋಟೆಲಿನಲ್ಲಿ ಅದೇ ರಾತ್ರಿಗೆ ಕೋಣೆ ಹುಡುಕಿದ. ಸಿಕ್ಕಿತು. 5,200 ರೂಪಾಯಿ ದರಕ್ಕೆ ಕೋಣೆಗಳು ಮಾರಾಟಕ್ಕಿದ್ದವು. "ಚಿಕ್ಕಪ್ಪ, ಇಲ್ಲಿ ನೋಡಿ" ಎಂದು ತೋರಿಸಿದಾಗ ಗಡಿಯಾರದ ಸಮಯವೂ ಕಾಣುವಂತೆ ಪರದೆಯ ಚಿತ್ರ ತೆಗೆದಿಡಲು ಹೇಳಿದೆ.

ಹತ್ತಿರದ ಎರಡು ವಸತಿಗೃಹಗಳಲ್ಲಿ 3,800 ರೂಪಾಯಿಯಂತೆ ಹನ್ನೊಂದು ಕೋಣೆ ಸಿಕ್ಕವು. ಬೀಗರನ್ನು ಮೂರು ಕಡೆಯಿಂದ ಛತ್ರಕ್ಕೆ ಕರೆತರಲು ಟೆಂಪೊ ಟ್ರಾವೆಲರ್ ಬೇಕಾಯಿತು. ವರಪೂಜೆ ಎಂಟೂಮುಕ್ಕಾಲಿಗೆ ಶುರುವಾಯಿತು. ಮದುವೆಯ ಮರುದಿನ ಹೋಟೆಲಿನವರು ಹನ್ನೊಂದು ಕೋಣೆಯ ಹಣವನ್ನು ಹಿಂದಿರುಗಿಸುವ ಬದಲು, ಒಂದು ವರ್ಷದೊಳಗೆ ಯಾವಾಗ ಬೇಕಾದರೂ ಬಂದು ತಂಗಬಹುದಾದ ವೋಚರ್ ಕೊಡುವುದಾಗಿ ಹೇಳಿದರು. ಹನ್ನೊಂದು ಕೋಣೆ ತುಂಬುವಷ್ಟು ಜನರನ್ನು ಮತ್ತೆ ಮೈಸೂರಿಗೆ ಕರೆತರಲು ನನಗೆ ಇನ್ನೊಂದು ಮದುವೆ ಬೇಕಿತ್ತು. ಹಣವನ್ನೇ ಕೊಡಿ ಎಂದು ಬರೆದೆ.

ಜೂನ್‌ನಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆ. ಸಹಾಯವಾಣಿ ದೂರನ್ನು ಸಂಸ್ಥೆಗೆ ತಲುಪಿಸಿ ಉತ್ತರ ತರಿಸುತ್ತದೆ, ಆದೇಶ ಹೊರಡಿಸುವ ಅಧಿಕಾರ ಅದಕ್ಕಿಲ್ಲ. ಬಂದ ಉತ್ತರದಲ್ಲಿ ಮತ್ತೆ ವೋಚರ್ ಇತ್ತು. ಆಮೇಲೆ ನೋಂದಾಯಿತ ಅಂಚೆಯಲ್ಲಿ ನೋಟಿಸು ಕಳಿಸಿದೆ. ಗ್ರಾಹಕ ಆಯೋಗಕ್ಕೆ ಹೋಗುವ ಮೊದಲು ನೋಟಿಸು ಕೊಡಲೇಬೇಕೆಂದು ಕಾಯಿದೆ ಹೇಳುವುದಿಲ್ಲ, ಆದರೂ ಕೊಟ್ಟದ್ದು ಒಳ್ಳೆಯದಾಯಿತು. ಅದಕ್ಕೆ ಉತ್ತರವಾಗಿ ಹೋಟೆಲು 'ಸೌಹಾರ್ದದ ದೃಷ್ಟಿಯಿಂದ' 40,000 ರೂಪಾಯಿ ಕೊಡುತ್ತೇವೆಂದು ಬರೆಯಿತು. ಅವರು ಹನ್ನೊಂದು ಕೋಣೆಗೆ ನನ್ನಿಂದ ಪಡೆದಿದ್ದುದೇ 73,920.

ಇಲ್ಲಿ ಎದುರಾದದ್ದು ಕರಿಹಲಗೆಯ ಪ್ರಶ್ನೆ. ಹಣ ಕೊಟ್ಟವನು ನಾನು, ನಾನು ಆ ಹೋಟೆಲಿನಲ್ಲಿ ಒಂದು ರಾತ್ರಿಯೂ ಮಲಗಿಲ್ಲ. ತೊಂದರೆಪಟ್ಟವರು ಬೀಗರು, ಅವರು ಒಂದು ರೂಪಾಯಿಯೂ ಕೊಟ್ಟಿಲ್ಲ. ದೂರುದಾರರು ಯಾರಾಗಬೇಕು? 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 2(7)ನೆಯ ಕಲಮಿನ ಪ್ರಕಾರ ಹಣ ಕೊಟ್ಟು ಸೇವೆಯನ್ನು ಗೊತ್ತುಮಾಡಿದವನೂ ಗ್ರಾಹಕ, ಅವನ ಒಪ್ಪಿಗೆಯಿಂದ ಆ ಸೇವೆಯನ್ನು ಪಡೆಯುವ ಫಲಾನುಭವಿಯೂ ಗ್ರಾಹಕ. ಅಂದರೆ ನನಗೂ ಬೀಗರಿಗೂ ಇಬ್ಬರಿಗೂ ಹಕ್ಕಿದೆ. ಒಂದೇ ಹಿತಾಸಕ್ತಿಯ ಅನೇಕರ ಪರವಾಗಿ ಒಬ್ಬರು ಆಯೋಗದ ಅನುಮತಿ ಪಡೆದು ದೂರು ಕೊಡಲು 35(1)(ಸಿ) ಕಲಮು ಅವಕಾಶ ಕೊಡುತ್ತದೆ. ಅದಲ್ಲದೆ ಕೆಲವೇ ಮಂದಿ ತಮ್ಮ ಪರವಾಗಿ ಮಾತ್ರ ಒಟ್ಟಾಗಿ ಜಂಟಿ ದೂರು ಕೊಡುವುದಕ್ಕೂ ಅಡ್ಡಿಯಿಲ್ಲವೆಂದು ಸುಪ್ರೀಂ ಕೋರ್ಟ್ 2021ರ ಡಿಸೆಂಬರ್‌ನಲ್ಲಿ, ಬೆಂಗಳೂರಿನದೇ ಒಂದು ವಸತಿ ಸಮುಚ್ಚಯದ ಪ್ರಕರಣದಲ್ಲಿ ಹೇಳಿದೆ.

ಕಾನೂನಿನಲ್ಲಿ ಅವಕಾಶವಿದ್ದರೂ ಬಾಂಧವ್ಯದಲ್ಲಿ ಇರಲಿಲ್ಲ. ಮದುವೆಯಾಗಿ ಎರಡು ತಿಂಗಳಾಗಿಲ್ಲ, ಬೀಗರ ಹೆಸರನ್ನು ವ್ಯಾಜ್ಯಕ್ಕೆ ಎಳೆಯುವುದೆಂದರೆ ಅತ್ತಿಗೆಗೆ ಕೈಕಾಲು ನಡುಗುತ್ತಿತ್ತು. ಕೊನೆಗೆ ನನ್ನೊಬ್ಬನ ಹೆಸರಿನಲ್ಲೇ ದೂರು ಕೊಡುವುದೆಂದೂ, ಆ ಸಂಜೆ ನಡೆದದ್ದನ್ನು ಹೇಳುವ ಪ್ರಮಾಣಪತ್ರಗಳನ್ನು (ಅಫಿಡವಿಟ್) ವರನ ಸೋದರಮಾವನಿಂದಲೂ ಇನ್ನೊಬ್ಬರಿಂದಲೂ ಮಾಡಿಸಿ ತರಿಸುವುದೆಂದೂ ತೀರ್ಮಾನವಾಯಿತು. ಸೋದರಮಾವ ಧಾರವಾಡದಲ್ಲೇ ನೋಟರಿಯ ಮುಂದೆ ಸಹಿ ಮಾಡಿ ಕಳಿಸಿದರು.

ಇನ್ನೊಂದು ಪ್ರಲೋಭನೆಯಿತ್ತು. ನಾನು ಓದದೆ ಬಿಟ್ಟಿದ್ದ ಷರತ್ತುಗಳಲ್ಲಿ ಒಂದು, ಕಾರಣ ಕೊಡದೆಯೇ ಅತಿಥಿಗಳನ್ನು ಬೇರೆಡೆಗೆ ವರ್ಗಾಯಿಸುವ ಅಥವಾ ಕೋಣೆಗಳ ಸಂಖ್ಯೆಯನ್ನು ಕಡಿತ ಮಾಡುವ ಹಕ್ಕು ಹೋಟೆಲಿಗಿದೆ ಎನ್ನುತ್ತಿತ್ತು. ಸಕಾರಣವಿಲ್ಲದೆ ಒಂದೇ ಪಕ್ಷ ಕರಾರನ್ನು ಮುಗಿಸಿಬಿಡುವ ಇಂಥ ಷರತ್ತುಗಳನ್ನು ಹೊಸ ಕಾಯಿದೆ 'ಅನ್ಯಾಯದ ಕರಾರು' ಎಂದು ಗುರುತಿಸುತ್ತದೆ. ಇದನ್ನೇ ಹಿಡಿದು ಹೋಗೋಣವೆಂದು ನಾನು ಹುರುಪಿನಲ್ಲಿದ್ದೆ. ಆದರೆ ಕರಾರೇ ಅನ್ಯಾಯದ್ದೆಂಬ ದೂರನ್ನು ಕೇಳುವ ಅಧಿಕಾರ ರಾಜ್ಯ ಆಯೋಗಕ್ಕೂ ರಾಷ್ಟ್ರೀಯ ಆಯೋಗಕ್ಕೂ ಇದೆಯೇ ಹೊರತು ಜಿಲ್ಲಾ ಆಯೋಗಕ್ಕಿಲ್ಲ. ಷರತ್ತಿನ ತಂಟೆಗೆ ಹೋಗದೆ, ಹಣ ಪಡೆದು ಕೋಣೆ ಕೊಡದಿರುವುದು ಸೇವಾ ನ್ಯೂನತೆ, ಕೊಡಲು ಕೋಣೆಯಿಲ್ಲವೆಂದು ಹೇಳುತ್ತಲೇ ಹೆಚ್ಚಿನ ದರಕ್ಕೆ ಮಾರಾಟಕ್ಕಿಟ್ಟದ್ದು ಅನುಚಿತ ವ್ಯಾಪಾರ ಪದ್ಧತಿ ಎಂದಷ್ಟೇ ಬರೆದೆವು. ಈ ಸಲಹೆ ಸಿಗದಿದ್ದರೆ ನನ್ನ ದೂರು ಮೊದಲ ದಿನವೇ ಹಿಂದೆ ಬರುತ್ತಿತ್ತು.

ದೂರನ್ನು ಕನ್ನಡದಲ್ಲೇ ಬರೆದು ಆಗಸ್ಟ್‌ನಲ್ಲಿ ಇ-ದಾಖಿಲ್ ಜಾಲತಾಣದ ಮೂಲಕ ಸಲ್ಲಿಸಿದೆ. (2025ರ ಜನವರಿಯಿಂದ ಈ ಕೆಲಸಕ್ಕೆ ಇ-ಜಾಗೃತಿ ಎಂಬ ಹೊಸ ವ್ಯವಸ್ಥೆ ಬಂದಿದೆ.) ಕೊಟ್ಟ ಪ್ರತಿಫಲ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ, 5 ಲಕ್ಷದವರೆಗೆ ಶುಲ್ಕವಿಲ್ಲ, ಘಟನೆ ನಡೆದ ಎರಡು ವರ್ಷದೊಳಗೆ ದೂರು ಕೊಡಬೇಕು. ಗಮನಿಸಬೇಕಾದದ್ದೆಂದರೆ, ಈಗ ಲೆಕ್ಕಕ್ಕೆ ಬರುವುದು ನಾವು ಕೊಟ್ಟ ಹಣವೇ ಹೊರತು ಕೇಳುವ ಪರಿಹಾರವಲ್ಲ. ನಾನು ಎರಡು ಲಕ್ಷ ಪರಿಹಾರ ಕೇಳಿದ್ದೆ, ಸ್ವಲ್ಪ ಉಬ್ಬಿಸಿಯೇ ಕೇಳಿದ್ದೆನೆಂದು ಒಪ್ಪಿಕೊಳ್ಳುತ್ತೇನೆ.

ಹೋಟೆಲಿನ ವಕೀಲರು ನಲವತ್ತಮೂರನೆಯ ದಿನ ತಕರಾರು ಸಲ್ಲಿಸಿದರು. ಎದುರುದಾರರಿಗೆ ಕಾಯಿದೆ ಕೊಡುವುದು 30 ದಿನ, ಆಯೋಗ ಹೆಚ್ಚೆಂದರೆ ಇನ್ನು 15 ದಿನ ಕೊಡಬಹುದು. ಅದರ ಮೇಲೆ ಒಂದು ದಿನವೂ ಇಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್‌ನಲ್ಲಿ ಹೇಳಿದೆ. ಎರಡು ದಿನದಲ್ಲಿ ಅವರು ಪಾರಾದರು. ಅವರ ಮೊದಲ ಆಕ್ಷೇಪಣೆ, ಹೋಟೆಲಿರುವುದು ಮೈಸೂರಿನಲ್ಲಿ, ಷರತ್ತಿನಲ್ಲೂ ಮೈಸೂರಿನ ನ್ಯಾಯಾಲಯ ಎಂದೇ ಇದೆ, ಹಾಸನದಲ್ಲಿ ಹೇಗೆ ಎಂಬುದು. 1986ರ ಹಳೆಯ ಕಾಯಿದೆಯಾಗಿದ್ದರೆ ನಾನು ಪ್ರತಿ ವಾಯಿದೆಗೂ ಮೈಸೂರಿಗೆ ಹೋಗಬೇಕಿತ್ತು. ದೂರುದಾರ ವಾಸವಿರುವ ಅಥವಾ ದುಡಿಯುವ ಊರಿನಲ್ಲೇ ದೂರು ಕೊಡಬಹುದೆಂದು ಹೊಸ ಕಾಯಿದೆಯ 34ನೆಯ ಕಲಮು ಹೇಳುವುದರಿಂದ ಆಯೋಗ ಆ ಆಕ್ಷೇಪಣೆಯನ್ನು ತಳ್ಳಿಹಾಕಿತು. ಗ್ರಾಹಕ ಕಾಯಿದೆಗೆ ಬಂದಿರುವ ಬದಲಾವಣೆಗಳಲ್ಲಿ ಸಾಮಾನ್ಯನಿಗೆ ಇದಕ್ಕಿಂತ ದೊಡ್ಡ ಉಪಕಾರ ಮತ್ತೊಂದಿಲ್ಲವೆಂದು ನನ್ನ ಅಭಿಪ್ರಾಯ.

ಎರಡನೆಯದು ನಿರೀಕ್ಷಿಸಿದ್ದೇ: ದೂರುದಾರ ಅತಿಥಿಯೇ ಅಲ್ಲ, ಅತಿಥಿಗಳು ದೂರುದಾರರಲ್ಲ. ಮೂರನೆಯದಕ್ಕೆ ನಾನು ಹೆದರಿದ್ದೆ. ಪಟ್ಟಿ ನಾಲ್ಕು ದಿನ ತಡವಾದ್ದರಿಂದ ಷರತ್ತಿನಂತೆ ಬ್ಲಾಕ್ ತಾನಾಗಿಯೇ ರದ್ದಾಗಿತ್ತು, ಒಂಬತ್ತು ಕೋಣೆ ಕೊಟ್ಟದ್ದು ನಮ್ಮ ಔದಾರ್ಯ ಎಂಬುದು ಅವರ ವಾದ. ತಡ ಮಾಡಿದ್ದು ನಿಜ. ದೂರಿನಲ್ಲೇ ಅದನ್ನು ಹೇಳಿಬಿಡು, ಅವರ ಬಾಯಿಂದ ಬಂದರೆ ಮುಚ್ಚಿಟ್ಟಂತೆ ಕಾಣುತ್ತದೆ ಎಂದು ಗೆಳೆಯರು ಹೇಳಿದ್ದರಿಂದ ಎಲ್ಲವನ್ನೂ ಬರೆದಿದ್ದೆ. ಬ್ಲಾಕ್ ರದ್ದಾಗಿದ್ದರೆ ಮರುದಿನ ಬಂದ 67,200 ರೂಪಾಯಿಯನ್ನು ಯಾವ ಬಾಬ್ತಿಗೆ ಸ್ವೀಕರಿಸಿದಿರಿ, ರಸೀತಿಯಲ್ಲಿ 'ಇಪ್ಪತ್ತು ಕೋಣೆಗಳ ಬಾಕಿ' ಎಂದು ಏಕೆ ಬರೆದಿರಿ ಎಂಬುದು ನಮ್ಮ ಉತ್ತರ. ಗಡುವು ಮೀರಿದ ಮೇಲೂ ಹಣ ಪಡೆದವನು ಗಡುವನ್ನು ತಾನೇ ಬಿಟ್ಟುಕೊಟ್ಟಂತೆ. ಆ ಹೆಬ್ಬೆರಳಿನ ಚಿತ್ರವನ್ನೂ ಹಾಜರುಪಡಿಸಿದೆವು, ಅದರ ಅರ್ಥದ ಬಗ್ಗೆ ಎರಡೂ ಕಡೆಯವರು ಗಂಭೀರವಾಗಿ ವಾದ ಮಾಡಿದರು.

ಮಧ್ಯಸ್ಥಿಕೆಗೆ ಒಪ್ಪುತ್ತೀರಾ ಎಂದು ಆಯೋಗ ಕೇಳಿತು. ಒಪ್ಪಿದೆ. ಅಲ್ಲಿಯೂ ವೋಚರ್ ಹೊರಬಂದದ್ದರಿಂದ ಆ ಅಧ್ಯಾಯ ಒಂದೇ ದಿನಕ್ಕೆ ಮುಗಿಯಿತು.

ಆಮೇಲಿನದು ಸಾಕ್ಷ್ಯದ ಹಂತ. ಗ್ರಾಹಕ ಆಯೋಗದಲ್ಲಿ ಕಟಕಟೆಯ ನಾಟಕವಿಲ್ಲ. ಪ್ರಮಾಣಪತ್ರ ಮತ್ತು ದಾಖಲೆಗಳ ಮೇಲೆಯೇ ವಿಚಾರಣೆ ನಡೆಯುತ್ತದೆ, ಎದುರಾಳಿಯನ್ನು ಕೇಳಬೇಕಾದದ್ದನ್ನು ಲಿಖಿತ ಪ್ರಶ್ನಾವಳಿಯಲ್ಲಿ ಕೇಳಬೇಕು. ಪರದೆಯ ಚಿತ್ರದ ವಿಚಾರ ಬಂದಾಗ ವಿದ್ಯುನ್ಮಾನ ದಾಖಲೆಗೆ ಹಳೆಯ ಸಾಕ್ಷ್ಯ ಕಾಯಿದೆಯಂತೆ ಕೊಡಬೇಕಾಗಿದ್ದ 65ಬಿ ಕಲಮಿನ ಪ್ರಮಾಣೀಕರಣವನ್ನು ಅಣ್ಣನ ಮಗನೇ, ಯಾವ ಮೊಬೈಲು, ಯಾವಾಗ ತೆಗೆದದ್ದು ಎಂಬ ವಿವರದೊಡನೆ ಸಲ್ಲಿಸಿದ. 2024ರ ಜುಲೈ 1ರಿಂದ ಇದು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಡಿ ಬರುತ್ತದೆ. ಆ್ಯಪ್‌ನಲ್ಲಿ ಕೋಣೆಗಳ ಸಂಖ್ಯೆ ತಡವಾಗಿ ಬದಲಾಗುತ್ತದೆ, ಅಲ್ಲಿ ಕಂಡದ್ದು ನಿಜವಾಗಿ ಖಾಲಿಯಿರಲಿಲ್ಲ ಎಂದು ಹೋಟೆಲು ಹೇಳಿತು. ಹಾಗಾದರೆ ಆ ಕಂಪನಿಯ ಗುಂಪು ಯಾವ ದಿನ ಖಾಲಿ ಮಾಡಬೇಕಿತ್ತು, ಆ ರಾತ್ರಿ ಹೊಸದಾಗಿ ಬಂದವರೆಷ್ಟು, ಎರಡು ದಿನದ ಅತಿಥಿ ನೋಂದಣಿಯ ಪುಟಗಳನ್ನು ಹಾಜರುಪಡಿಸಿ ಎಂದು ಪ್ರಶ್ನಾವಳಿಯಲ್ಲಿ ಕೇಳಿದೆವು. ಮೊದಲ ವಾಯಿದೆಗೆ ಅವರು ಸಮಯ ಕೇಳಿದರು, ಎರಡನೆಯದಕ್ಕೂ ಕೇಳಿದರು, ಮೂರನೆಯದರಲ್ಲಿ ನೋಂದಣಿಯಲ್ಲಿ ಇತರ ಅತಿಥಿಗಳ ಖಾಸಗಿ ವಿವರಗಳಿರುವುದರಿಂದ ಕೊಡಲಾಗದು ಎಂದರು. ಹೆಸರುಗಳನ್ನು ಮರೆಮಾಡಿ ಕೊಡಿ ಎಂದು ಆಯೋಗ ಸೂಚಿಸಿತು. ಬರಲಿಲ್ಲ. ನೋಟಿಸು ತಲುಪಿದ ಮೂರು ತಿಂಗಳಲ್ಲಿ ದೂರನ್ನು ಇತ್ಯರ್ಥಪಡಿಸಲು ಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ಆ ಮೂರು ತಿಂಗಳು ನಮ್ಮ ಪ್ರಕರಣದಲ್ಲಿ ಎದುರುದಾರರು ಕೇಳಿದ ಸಮಯಕ್ಕೇ ಹೋಯಿತು.

ಈ ನಡುವೆ ಸಹೋದ್ಯೋಗಿಯೊಬ್ಬರು ನನ್ನ ಕಥೆ ಕೇಳಿ, ಆ್ಯಪ್ ಮೂಲಕ ಕಾಯ್ದಿರಿಸಿದ್ದರೆ ಈ ತಾಪತ್ರಯವಿರುತ್ತಿರಲಿಲ್ಲ ಎಂದರು. ಪೂರ್ತಿ ನಿಜವಲ್ಲ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಆ್ಯಪ್‌ನವರು ದೂರನ್ನು 48 ಗಂಟೆಯೊಳಗೆ ಸ್ವೀಕರಿಸಿ ಒಂದು ತಿಂಗಳಲ್ಲಿ ಪರಿಹರಿಸಬೇಕು. ತಾವೇ ರದ್ದುಪಡಿಸಿದಾಗ ಅಂಥದೇ ಶುಲ್ಕವನ್ನು ತಾವೂ ಭರಿಸದಿದ್ದರೆ ಗ್ರಾಹಕನಿಂದ ರದ್ದತಿ ಶುಲ್ಕ ವಸೂಲು ಮಾಡುವಂತಿಲ್ಲ. ಇದು ಒಳ್ಳೆಯ ನಿಯಮವೇ. ಆದರೆ ಆಗ ಎದುರುದಾರರು ಇಬ್ಬರಾಗುತ್ತಾರೆ, ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ. ಹಣವನ್ನು ನನ್ನ ಖಾತೆಯಿಂದ ಹೋಟೆಲಿನ ಖಾತೆಗೆ ನೇರ ಹಾಕಿದ್ದೇ ನನ್ನನ್ನು ಉಳಿಸಿತು.

2024ರ ಅಕ್ಟೋಬರ್‌ನಲ್ಲಿ ಆದೇಶವಾಯಿತು. ಹಣ ಕೊಟ್ಟು ಸೇವೆಯನ್ನು ಗೊತ್ತುಮಾಡಿದ ದೂರುದಾರ ಗ್ರಾಹಕನೇ; ತಂಗಿದವರು ಅವನ ಒಪ್ಪಿಗೆಯಿಂದ ಬಂದ ಫಲಾನುಭವಿಗಳು; ಅವರಿಗಾದ ತೊಂದರೆ ಆತಿಥೇಯನಾದ ಅವನಿಗಾದ ಮುಖಭಂಗವೂ ಹೌದು ಎಂದು ಅದರಲ್ಲಿತ್ತು. ಆ 'ಮುಖಭಂಗ' ಎಂಬ ಪದ ಕಂಡಾಗ ಓದುವುದನ್ನು ಒಂದು ಕ್ಷಣ ನಿಲ್ಲಿಸಿದೆ. ದೂರಿನಲ್ಲಿ ನಾನು 'ಮಾನಸಿಕ ಯಾತನೆ' ಎಂದಷ್ಟೇ ಬರೆದಿದ್ದೆ. ಬಾಕಿ ಹಣ ಪಡೆದದ್ದರಿಂದ ಗಡುವಿನ ವಾದ ನಿಲ್ಲುವುದಿಲ್ಲ, ಕೈಯಲ್ಲಿದ್ದ ನೋಂದಣಿಯನ್ನು ಹಾಜರುಪಡಿಸದಿರುವುದರಿಂದ ಅದು ಹೋಟೆಲಿಗೆ ವಿರುದ್ಧವಾಗಿತ್ತೆಂದೇ ಊಹಿಸಬೇಕು ಎಂದೂ ಹೇಳಿತ್ತು. 73,920 ರೂಪಾಯಿ ಬಡ್ಡಿಯೊಡನೆ ವಾಪಸು, ಬೇರೆ ಕೋಣೆಗಳಿಗೆ ಹೆಚ್ಚಾಗಿ ತೆತ್ತ 19,712, ವಾಹನದ 9,000, ಪರಿಹಾರವಾಗಿ 25,000, ದಾವೆಯ ಖರ್ಚು 5,000. ಎರಡು ಲಕ್ಷ ಕೇಳಿದ್ದವನಿಗೆ ಇಪ್ಪತ್ತೈದು ಸಾವಿರ ಸಿಕ್ಕಿತು. ಬಿಲ್ಲು ಇದ್ದದ್ದೆಲ್ಲ ಪೂರ್ತಿ ಬಂತು, ಉಬ್ಬಿಸಿದ್ದು ಬರಲಿಲ್ಲ. ಈ ವಿಷಯದಲ್ಲಿ ಆಯೋಗದ ಮೇಲೆ ನನಗೆ ದೂರಿಲ್ಲ.

ಮೇಲ್ಮನವಿಗೆ 45 ದಿನ ಅವಕಾಶವಿದೆ, ಆದರೆ ಆದೇಶವಾದ ಮೊತ್ತದ ಅರ್ಧವನ್ನು ಮೊದಲು ಠೇವಣಿಯಿಡಬೇಕು. ಹೋಟೆಲು ಮೇಲ್ಮನವಿಗೆ ಹೋಗಲಿಲ್ಲ. ನಲವತ್ತೊಂದನೆಯ ದಿನ ಹಣ ನನ್ನ ಖಾತೆಗೆ ಬಂತು.

ಪರಿಹಾರದ ಇಪ್ಪತ್ತೈದು ಸಾವಿರ ನನ್ನದಲ್ಲ, ಆ ಸಂಜೆ ಹೋಟೆಲಿನ ಬಾಗಿಲಲ್ಲಿ ನಿಂತವರದು ಎಂದು ಅಣ್ಣನೂ ನಾನೂ ಮಾತಾಡಿಕೊಂಡು ಧಾರವಾಡಕ್ಕೆ ಫೋನು ಮಾಡಿದೆ. ಸೋದರಮಾವ ಎಲ್ಲವನ್ನೂ ಕೇಳಿ, "ಕೋಲಿ ಬಾಡಿಗಿ ಕೊಟ್ಟವ್ರು ನೀವು, ಅಡ್ಡಾಡಿದವ್ರು ನೀವು, ನಮಗೇನ್ ರೊಕ್ಕಾ ಬೀಗರ?" ಎಂದರು. ನಾನು ಒತ್ತಾಯ ಮಾಡಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ನೋಟರಿಗೆ ಮುನ್ನೂರು ಕೊಟ್ಟೇನಿ, ಅಷ್ಟ ಕಳಸ್ರಿ" ಎಂದರು. ಕಳಿಸಿದೆ.